ನಾಯಿಗಿಟ್ಟ ಮನುಷ್ಯನ ಹೆಸರು

ಸಾಕಿದ ನಾಯಿಗೆ ಮನುಷ್ಯರ ಹೆಸರನ್ನಿಡಬಹುದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಹಗುರವಾದದ್ದು. ಮನೆಯ ಮಕ್ಕಳು ಮರಿಯೊಂದನ್ನು ತಂದು ರಾಜುವೆಂದೋ ಸೋಮುವೆಂದೋ ಕರೆಯತೊಡಗುತ್ತಾರೆ; ಅದೇ ಹೆಸರಿನ ನೆಂಟರೊಬ್ಬರು ಹಬ್ಬಕ್ಕೆ ಬಂದಿಳಿದರೆ ಹಿರಿಯರಿಗೆ ನಾಚಿಕೆಯಾಗಿ, ಅವರು ಹೊರಟುಹೋಗುವವರೆಗೂ ನಾಯಿ ಹೆಸರಿಲ್ಲದೆ ಇರಬೇಕಾಗುತ್ತದೆ. ನಗೆಗೆ ಎಡೆಗೊಡುವ ಈ ಸಂಕೋಚದ ಹಿಂದೆ ಒಂದು ನಂಬಿಕೆಯುಂಟು. ಹೆಸರೆಂಬುದು ಮನುಷ್ಯನ ಮಾನದ ಅಂಗ. ಅದನ್ನು ಪ್ರಾಣಿಗೆ ಕೊಟ್ಟರೆ ಆ ಹೆಸರನ್ನು ಹೊತ್ತ ಮನುಷ್ಯನಿಗೆ ಕುಂದು ಬರುವುದೆಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಹಿಂದಿನವರು ನಾಯಿಗಳಿಗೂ ಮನುಷ್ಯರಿಗೂ ಹೆಸರಿಟ್ಟ ರೀತಿಯಿಂದ ತಿಳಿಯಬಹುದಾಗಿದೆ.

ಭಾರತೀಯ ವಾಙ್ಮಯದಲ್ಲಿ ಮೊದಲು ಹೆಸರುವಾಸಿಯಾದ ನಾಯಿ ಸರಮೆ. ಋಗ್ವೇದದಲ್ಲಿ ಆಕೆ ಇಂದ್ರನ ದೂತಿಯಾಗಿ ಹೋಗಿ, ಗೋವುಗಳನ್ನು ಬಚ್ಚಿಟ್ಟಿದ್ದ ಪಣಿಗಳೊಡನೆ ಸರಿಸಮನಾಗಿ ವಾದಿಸುತ್ತಾಳೆ. ಆಕೆಯನ್ನು ದೇವಲೋಕದ ನಾಯಿಯೆಂದು ಸಂಪ್ರದಾಯವು ಹೇಳುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಆಕೆಯ ಮಗನನ್ನು ಜನಮೇಜಯನ ತಮ್ಮಂದಿರು ಯಜ್ಞಶಾಲೆಯಲ್ಲಿ ಹೊಡೆದಾಗ, ತಪ್ಪೇನೆಂದು ಆಕೆ ಬಂದು ಕೇಳುತ್ತಾಳೆ. ಹವಿಸ್ಸನ್ನು ಮುಟ್ಟದ, ಕಣ್ಣೆತ್ತಿಯೂ ನೋಡದ ಮಗನನ್ನು ಹೊಡೆದುದಕ್ಕೆ ಅರಸುಮಕ್ಕಳಲ್ಲಿ ಉತ್ತರವಿಲ್ಲ. ಸರಮೆ ಶಾಪವಿತ್ತು ಹೊರಡುತ್ತಾಳೆ. ನಾಯಿಗೆ ಸಾರಮೇಯವೆಂಬ ಹೆಸರು ಬಂದುದು ಈ ತಾಯಿಯಿಂದಲೇ. ಯಮನ ಎರಡು ನಾಯಿಗಳಿಗಾದರೋ ಶ್ಯಾಮ, ಶಬಲ ಎಂದು ಹೆಸರು. ಒಂದು ಕಪ್ಪು, ಇನ್ನೊಂದು ಬಣ್ಣಬಣ್ಣದ್ದು. ಶ್ಯಾಮನೆಂಬ ಹೆಸರನ್ನು ಮನುಷ್ಯರು ಇಂದಿಗೂ ಮಕ್ಕಳಿಗೆ ಇಡುತ್ತಾರೆ. ಯಮನ ನಾಯಿಯೂ ಆ ಹೆಸರಿನದೆಂದು ಯಾರೂ ಅದನ್ನು ಬಿಟ್ಟಿಲ್ಲ.

ಗ್ರೀಕರೂ ರೋಮನರೂ ಈ ವಿಷಯವನ್ನು ಬೇಟೆಯ ಶಾಸ್ತ್ರದ ಭಾಗವಾಗಿ ಎಣಿಸಿದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಸೆನೊಫನನು ಬೇಟೆಯನ್ನು ಕುರಿತ ಗ್ರಂಥದಲ್ಲಿ, ಕೂಗಲು ಸುಲಭವಾಗುವಂತೆ ನಾಯಿಯ ಹೆಸರು ಚಿಕ್ಕದಾಗಿರಬೇಕೆಂದು ಹೇಳಿ 47 ಹೆಸರುಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಜೀವ, ಬಲ, ಹರ್ಷ, ಈಟಿ ಎಂಬಂಥ ಅರ್ಥದ ಹೆಸರುಗಳೇ ಅಲ್ಲಿ ಹೆಚ್ಚು. ಕ್ರಿ. ಶ. ಒಂದನೆಯ ಶತಮಾನದಲ್ಲಿ ಕೃಷಿಗ್ರಂಥವನ್ನು ಬರೆದ ಕೊಲುಮೆಲ್ಲನು, ಹೆಸರು ಬಹಳ ಉದ್ದವೂ ಇರಬಾರದು, ಎರಡಕ್ಷರಕ್ಕೆ ಕಡಮೆಯೂ ಇರಬಾರದು ಎಂದು ವಿಧಿಸಿದನು. ಇವರಿಬ್ಬರಿಗೂ ನಾಯಿಯ ಹೆಸರೆಂದರೆ ಕೆಲಸಕ್ಕೆ ಕರೆಯುವ ಕೂಗು ಮಾತ್ರ. ಆದರೆ ಮುದ್ದಿನ ನಾಯಿಯ ವಿಷಯದಲ್ಲಿ ರೋಮನರ ನಡತೆ ಬೇರೆಯಾಗಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನರ ಕಾಲದ ಅಮೃತಶಿಲೆಯ ಫಲಕವೊಂದುಂಟು. ಗಾಲ್ ದೇಶದಲ್ಲಿ ಹುಟ್ಟಿ, ಕಾಡುಗಳಲ್ಲಿ ಬೇಟೆಯಾಡಿ, ಒಡೆಯ ಒಡತಿಯರ ಮಡಿಲಲ್ಲಿ ಮಲಗುತ್ತಿದ್ದು, ಹೆರಿಗೆಯಲ್ಲಿ ಸತ್ತ ಹೆಣ್ಣುನಾಯಿಯ ಚರಮಲೇಖವದು. ಆಕೆಯ ಹೆಸರು ಮಾರ್ಗರೀಟ, ಎಂದರೆ ಮುತ್ತು. ಈ ಹೆಸರು ರೋಮಿನಲ್ಲಿ ಹೆಂಗಸರಿಗೂ ಇತ್ತು. ಐರೋಪ್ಯರ ಮಾರ್ಗರೆಟ್ ಅದರಿಂದಲೇ ಬಂದದ್ದು. ಕನ್ನಡಿಗರು ಮಗಳನ್ನು ಮುತ್ತಮ್ಮನೆಂದು ಕರೆಯುವುದಕ್ಕೂ ಆ ಒಡತಿಯು ನಾಯಿಯನ್ನು ಹಾಗೆ ಕರೆದುದಕ್ಕೂ ಒಂದೇ ಬಗೆಯ ಅಕ್ಕರೆಯೇ ಕಾರಣ.

ಇಂಥ ಅಕ್ಕರೆಯ ಸಾಕ್ಷ್ಯವು ಕನ್ನಡನಾಡಿನಲ್ಲಿ ಇನ್ನೂ ಘನವಾದ ರೂಪದಲ್ಲಿ ದೊರೆಯುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕವರ್ಷ 872ರ ಸೌಮ್ಯ ಸಂವತ್ಸರದ್ದು, ಅಂದರೆ ಕ್ರಿ. ಶ. 949-50ರದ್ದು. ಇತಿಹಾಸಕಾರರು ಇದನ್ನು ಹೆಚ್ಚಾಗಿ ಬೆಲೆಗೊಳ್ಳುವುದು ತಕ್ಕೋಲದ ಯುದ್ಧದ ಸಲುವಾಗಿ. ಆ ಯುದ್ಧದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಗಂಗರ ಅರಸು ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನು. ಇಷ್ಟು ದೊಡ್ಡ ರಾಜಕಾರ್ಯವನ್ನು ಹೇಳುವ ಕಲ್ಲಿನ ಮೇಲೆ ಕೆತ್ತಿರುವ ಚಿತ್ರವು ಮಾತ್ರ ಯುದ್ಧದ್ದಲ್ಲ, ಅರಸರದೂ ಅಲ್ಲ. ಒಂದು ನಾಯಿಯೂ ಒಂದು ಹಂದಿಯೂ ಎದುರೆದುರು ನಿಂತು ಹೋರಾಡುವ ಚಿತ್ರವದು.

ಅದರ ಸಂಗತಿ ಹೀಗಿದೆ. ಬೂತುಗನ ಸೇವೆಯಲ್ಲಿ ಸಗರ ವಂಶದ ಮಣಲೆರನೆಂಬ ವೀರನಿದ್ದನು. ತಕ್ಕೋಲದ ಕಾಳಗದಲ್ಲಿ ಅವನ ಪರಾಕ್ರಮವನ್ನು ಕಂಡು ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ನಾಡನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿದನು. ಬಳಿಕ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಗಿ, ಎರಡೂ ಒಂದನ್ನೊಂದು ಕೊಂದು ಬಿದ್ದವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಮಣಲೆರನು ಕಲ್ಲನ್ನು ನಿಲ್ಲಿಸಿದನು. ಆ ಕಲ್ಲಿನ ಪೂಜೆಗಾಗಿ ಹಿರಿಯ ಕೆರೆಯ ಕೆಳಗೆ ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವುದೆಂದು ಶಾಸನವು ಎಚ್ಚರಿಸುತ್ತದೆ. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಕೊಟ್ಟನೆಂಬುದೂ ಅದೇ ಕಲ್ಲಿನಲ್ಲಿದೆ. ಬೇಡದೆಯೇ ಊರುಗಳು ಬಂದುವು. ಬೇಡಿ ಪಡೆದದ್ದು ನಾಯಿಯೊಂದೇ.

ಕಾಳಿಯೆಂಬ ಹೆಸರನ್ನು ಇಲ್ಲಿ ಗಮನಿಸಬೇಕು. ಅದು ಕೊಲುಮೆಲ್ಲನ ನಿಯಮಕ್ಕೂ ಒಪ್ಪುವ ಎರಡಕ್ಷರದ ಹೆಸರು. ಅದರಲ್ಲಿ ಮೈಬಣ್ಣದ ಸೂಚನೆಯೂ ಇರಬಹುದು, ರಣರಂಗದ ದೇವಿಯ ನೆನಪೂ ಇರಬಹುದು. ಹೇಗಿದ್ದರೂ ಅದು ಮನುಷ್ಯರಿಗೆ ಪರಕೀಯವಾದ ಹೆಸರಲ್ಲ. ಕವಿಕುಲಗುರುವಿನ ಹೆಸರಿನಲ್ಲಿಯೂ ಆ ದೇವಿಯೇ ಇದ್ದಾಳೆ. ಕಾಳಮ್ಮ, ಕಾಳಯ್ಯ, ಕಾಳೇಗೌಡ ಎಂಬ ಹೆಸರುಗಳು ಆತಕೂರಿನ ಸುತ್ತಣ ಸೀಮೆಯಲ್ಲಿ ಇಂದಿಗೂ ಮನೆಮಾತು. ದೇವಿಯ ಹೆಸರನ್ನು ನಾಯಿಗಿಟ್ಟುದರಿಂದ ದೇವಿಗೆ ಅಪಚಾರವಾಯಿತೆಂದು ಆ ಕಾಲದವರು ತಿಳಿದಿದ್ದರೆ ಶಿವನ ಗುಡಿಯ ಮುಂದೆ ಆ ಹೆಸರಿನ ಕಲ್ಲು ನಿಲ್ಲುತ್ತಿರಲಿಲ್ಲ. ಚಕ್ರವರ್ತಿ, ಮಹಾರಾಜ, ವೀರಭಟ ಇವರ ಹೆಸರುಗಳೊಡನೆ ನಾಯಿಯ ಹೆಸರೂ ಒಂದೇ ಶಿಲೆಯಲ್ಲಿ ಸಾವಿರ ವರ್ಷಕ್ಕೆ ಮೇಲ್ಪಟ್ಟು ಉಳಿದುಬಂದಿದೆ.

ದೇವರ ಹೆಸರು ಮನುಷ್ಯರ ಮೂಲಕ ನಾಯಿಗೂ ಬಂದ ಇನ್ನೊಂದು ನಿದರ್ಶನವು ಹದಿನೆಂಟನೆಯ ಶತಮಾನದ ಸಾತಾರೆಯಲ್ಲಿದೆ. ಛತ್ರಪತಿ ಶಾಹುವಿನ ಬೇಟೆನಾಯಿಯ ಹೆಸರು ಖಂಡ್ಯಾ. ಖಂಡೋಬ, ಖಂಡೇರಾವ್ ಎಂಬ ಹೆಸರುಳ್ಳವರನ್ನು ಮರಾಠಿಯಲ್ಲಿ ಸಲಿಗೆಯಿಂದ ಕರೆಯುವ ರೂಪವೂ ಅದೇ ಆಗಿರುತ್ತದೆ. ಹುಲಿಯಿಂದ ತನ್ನ ಪ್ರಾಣವನ್ನು ಉಳಿಸಿದ ನಾಯಿಗೆ ಅರಸನು ಜಹಗೀರನ್ನೂ ಪಲ್ಲಕ್ಕಿಯ ಮರ್ಯಾದೆಯನ್ನೂ ಕೊಟ್ಟನೆಂದೂ, ಒಮ್ಮೆ ತುಂಬಿದ ದರ್ಬಾರಿನಲ್ಲಿ ಜರತಾರಿ ಒಡವೆಗಳಿಂದ ಅದನ್ನು ಸಿಂಗರಿಸಿ ತನ್ನ ಪೇಟವನ್ನೇ ಅದರ ತಲೆಗಿಟ್ಟನೆಂದೂ ಗ್ರಾಂಟ್ ಡಫ್ಫನು 1826ರ ಮರಾಠರ ಚರಿತ್ರೆಯಲ್ಲಿ ಬರೆದಿದ್ದಾನೆ. ಕೃಷ್ಣಾ ವೆಣ್ಣಾ ನದಿಗಳ ಕೂಡಲಾದ ಸಂಗಮ ಮಾಹುಲಿಯಲ್ಲಿ ಖಂಡ್ಯಾನ ಸಮಾಧಿಯುಂಟು. ಕನ್ನಡಿಗರಿಗೆ ಇದು ಅಪರಿಚಿತವಾದ ಭಾವವಲ್ಲ. ಖಂಡೋಬನು ಕನ್ನಡದಲ್ಲಿ ಮೈಲಾರಲಿಂಗ; ನಾಯಿ ಅವನ ಸಂಗಾತಿ. ಅವನ ಭಕ್ತರಾದ ಗೊರವರು ದೋಣಿಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ ಪ್ರಸಾದವನ್ನು ಸ್ವೀಕರಿಸುತ್ತಾರೆ. ದೇವರ ಮುಂದೆ ನಾಯಿಯಾಗುವುದನ್ನು ಅವರು ಹೆಮ್ಮೆಯೆಂದೇ ಎಣಿಸುತ್ತಾರೆ.

ಯೂರೋಪಿನ ಅರಮನೆಗಳಲ್ಲಿ ಪ್ರಾಚೀನ ರೋಮಿನ ಮಹಾಪುರುಷರ ಹೆಸರುಗಳನ್ನು ನಾಯಿಗಳಿಗಿಡುವ ವಾಡಿಕೆ ಬೆಳೆಯಿತು. ಅದರಲ್ಲಿ ಅರ್ಧ ಮೆಚ್ಚಿಗೆ, ಅರ್ಧ ವಿನೋದ. ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡನ ನಾಯಿಯ ಹೆಸರು ಸೀಸರ್. 1910ನೆಯ ಇಸವಿ ಮೇ 20ರಂದು ದೊರೆಯ ಶವಯಾತ್ರೆಯಲ್ಲಿ ಈ ನಾಯಿಯು ಪೆಟ್ಟಿಗೆಯ ಹಿಂದೆ, ನೆರೆದಿದ್ದ ಒಂಬತ್ತು ಮಂದಿ ರಾಜರಿಗಿಂತ ಮುಂದೆ ನಡೆಯಿತು. ಹಿಂದೆ ಬರುತ್ತಿದ್ದವರಲ್ಲಿ ಜರ್ಮನಿಯ ಕೈಸರನೂ ಒಬ್ಬ. ಕೈಸರ್ ಎಂಬ ಬಿರುದು ಸೀಸರ್ ಎಂಬ ಶಬ್ದದ ಜರ್ಮನ್ ರೂಪವೇ. ಒಂದು ಹೆಸರು ಒಂದೇ ಮೆರವಣಿಗೆಯಲ್ಲಿ ನಾಯಿಯ ಕೊರಳಪಟ್ಟಿಯಲ್ಲಿಯೂ ಚಕ್ರವರ್ತಿಯ ಬಿರುದಿನಲ್ಲಿಯೂ ನಡೆದುಹೋಯಿತು. ಜೂಲಿಯಸ್ ಸೀಸರನ ಕೀರ್ತಿಗೆ ಇದರಿಂದ ಏನೂ ಕೊರತೆಯಾಗಲಿಲ್ಲ.

ಆದರೆ ಎಲ್ಲ ಅಧಿಕಾರಕ್ಕೂ ಇಷ್ಟು ತಾಳ್ಮೆಯಿರುವುದಿಲ್ಲ. 1941ರಲ್ಲಿ ಫಿನ್ಲೆಂಡಿನ ತಾಂಪೆರೆ ನಗರದ ಔಷಧ ವ್ಯಾಪಾರಿಯೊಬ್ಬನ ಮನೆಯ ನಾಯಿಯು ಹಿಟ್ಲರನ ಹೆಸರು ಹೇಳಿದೊಡನೆ ಮುಂಗಾಲನ್ನೆತ್ತುವುದೆಂಬ ವರದಿ ಜರ್ಮನಿಗೆ ಮುಟ್ಟಿತು. ನಾಯಿಯ ನಿಜವಾದ ಹೆಸರು ಜಾಕಿ. ಆ ಮನೆಯೊಡತಿ ಮಾತ್ರ ತಮಾಷೆಗೆ ಅದನ್ನು ಹಿಟ್ಲರನೆಂದು ಕರೆಯುತ್ತಿದ್ದಳು. ಮಹಾಯುದ್ಧದ ನಡುವೆ ಜರ್ಮನಿಯ ವಿದೇಶಾಂಗ ಖಾತೆಯು ಇದನ್ನು ವಿಚಾರಣೆಗೆತ್ತಿಕೊಂಡು, ವ್ಯಾಪಾರಿಯನ್ನು ರಾಯಭಾರ ಕಚೇರಿಗೆ ಕರೆಯಿಸಿ ಪ್ರಶ್ನಿಸಿತು. ಸಾಕ್ಷಿ ಹೇಳುವವರಿಲ್ಲದೆ ಮೊಕದ್ದಮೆ ಬಿದ್ದುಹೋಯಿತು. ನಾಯಿಯ ಹೆಸರಿನಿಂದ ಮಾನ ಹೋಗುವುದೆಂದು ಹೆದರಿದ ಆಳಿಕೆಯೇ ಆಗ ಕೋಟ್ಯಂತರ ಮನುಷ್ಯರ ಮಾನಪ್ರಾಣಗಳನ್ನು ಲೆಕ್ಕಕ್ಕಿಲ್ಲದಂತೆ ಕಂಡಿತು.

ಹೆಸರಿನಿಂದ ನಿಜವಾದ ಹಾನಿ ಆದುದು ಬೇರೊಂದು ಕಡೆಯಲ್ಲಿ. ಇಂಗ್ಲೆಂಡಿನಲ್ಲಿಯೂ ಅಮೆರಿಕದ ವಸಾಹತುಗಳಲ್ಲಿಯೂ ನಾಯಿಗಳಿಗೆ ಸೀಸರ್, ಪಾಂಪೆ ಎಂದು ಹೆಸರಿಡುತ್ತಿದ್ದ ಕಾಲದಲ್ಲಿಯೇ, ಆಫ್ರಿಕದಿಂದ ಕದ್ದು ತಂದ ಗುಲಾಮರಿಗೂ ಸೀಸರ್, ಪಾಂಪೆ, ಕೇಟೊ, ಸಿಪಿಯೊ ಎಂದು ಹೆಸರಿಡುತ್ತಿದ್ದರು. ಹೆಸರುಗಳು ದೊಡ್ಡವೇ, ಆದರೆ ಅವುಗಳನ್ನಿಡುವ ಮೊದಲು ಆ ಮನುಷ್ಯರಿಗೆ ತಂದೆತಾಯಿಗಳಿಟ್ಟ ಹೆಸರನ್ನು ಅಳಿಸಲಾಗಿತ್ತು. ಒಲಾಡಾ ಎಕ್ವಿಯಾನೊ ಎಂಬ ಬಾಲಕನನ್ನು ಕೊಂಡ ನೌಕಾಧಿಕಾರಿಯು ಅವನಿಗೆ ಸ್ವೀಡನ್ನಿನ ದೊರೆಯ ಹೆಸರಾದ ಗುಸ್ತಾವಸ್ ವಾಸಾ ಎಂಬುದನ್ನಿಟ್ಟನು. ಬಾಲಕನು ಒಲ್ಲೆನೆಂದನು, ಒಪ್ಪುವವರೆಗೂ ಏಟು ತಿಂದನು. ಮುಂದೆ ಸ್ವತಂತ್ರನಾಗಿ 1789ರಲ್ಲಿ ತನ್ನ ಜೀವನಚರಿತ್ರೆಯನ್ನು ಪ್ರಕಟಿಸಿದಾಗ ಅವನು ಎರಡು ಹೆಸರುಗಳನ್ನೂ ಮುಖಪುಟದಲ್ಲಿ ಅಚ್ಚು ಹಾಕಿಸಿದನು. ತಂದೆತಾಯಿಗಳಿಟ್ಟದ್ದು ಮೊದಲು, ಒಡೆಯನಿಟ್ಟದ್ದು ಆಮೇಲೆ. ರಾಜನ ಹೆಸರೇ ಆದರೂ ಒಪ್ಪಿಗೆಯಿಲ್ಲದೆ ಹೊರಿಸಿದ್ದು ಸಂಕೋಲೆಯೇ ಸರಿ.

ಇದನ್ನು ಪರದೇಶದ ದೋಷವೆಂದು ಹೇಳಿ ಸುಮ್ಮನಿರುವಂತಿಲ್ಲ. ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ ಸೂಚಿಸಬೇಕೆಂದು ವಿಧಿಸಿದ ಮನುಸ್ಮೃತಿಯು, ಶೂದ್ರನ ಹೆಸರು ಹೇಯಾರ್ಥದ್ದಾಗಿರಬೇಕೆಂದು ವಿಧಿಸಿತು. ಕನ್ನಡದ ಹಳ್ಳಿಗಳ ರೂಢಿಯಲ್ಲಿಯೂ ಇದರ ನೆರಳುಂಟು. ಕರಿಯ, ಕೆಂಚ, ಕಾಳ ಎಂಬ ಬಣ್ಣದ ಹೆಸರುಗಳು ಹಳ್ಳಿಯ ನಾಯಿಗಳಿಗೂ ಇವೆ, ಮನುಷ್ಯರಿಗೂ ಇವೆ. ಅನುಕೂಲವಂತನಾದರೆ ಅವನು ಕರಿಯಪ್ಪ, ಕೆಂಚಪ್ಪ, ಕಾಳಯ್ಯ. ಊರ ಹೊರಗಿನ ಕೇರಿಯವನಾದರೆ ಮುಪ್ಪಿನಲ್ಲಿಯೂ ಬರಿಯ ಕರಿಯ, ಕೆಂಚ, ಕಾಳ. ಅಪ್ಪ, ಅಯ್ಯ ಎಂಬ ಎರಡಕ್ಷರಗಳನ್ನು ಅವನ ಹೆಸರಿಗೆ ಸೇರಿಸಲು ಊರಿನ ನಾಲಿಗೆ ತಲೆಮಾರುಗಳವರೆಗೆ ಒಪ್ಪಲಿಲ್ಲ. ಅವನ ಮೊಮ್ಮಗನ ವಯಸ್ಸಿನವನೂ ಅವನನ್ನು ಹಿತ್ತಿಲ ನಾಯಿಯನ್ನು ಕೂಗುವಂತೆಯೇ ಕೂಗಿದನು. 1927ರ ಮಾರ್ಚಿಯಲ್ಲಿ ಮಹಾಡದ ಚವದಾರ ಕೆರೆಗೆ ಅಂಬೇಡಕರರು ಜನರನ್ನು ಕರೆದೊಯ್ದು ನೀರು ಕುಡಿದಾಗ ಎತ್ತಿದ ಪ್ರಶ್ನೆಯೂ ಇದೇ ಬಗೆಯದು: ದನ ನಾಯಿಗಳಿಗೆ ತಡೆಯಿಲ್ಲದ ನೀರಿಗೆ ಮನುಷ್ಯನಿಗೇಕೆ ತಡೆ?

ಆದಕಾರಣ ಮೊದಲಿನ ಪ್ರಶ್ನೆಗೆ ಉತ್ತರವು ನಾಯಿಯ ಕಡೆಯಿಂದ ಬರುವುದಿಲ್ಲ. ನಾಯಿಗೆ ಮನುಷ್ಯನ ಹೆಸರು ಬಂದುದರಿಂದ ಯಾವ ಕುಲಕ್ಕೂ ಕುಂದು ಬಂದ ನಿದರ್ಶನವು ಚರಿತ್ರೆಯಲ್ಲಿ ಕಾಣಬರುವುದಿಲ್ಲ. ಮನುಷ್ಯನಿಗೆ ಸಲ್ಲಬೇಕಾದ ಹೆಸರನ್ನು ಸಲ್ಲಿಸದೆ ಹೋದುದರಿಂದ ಕುಂದಿದವರಾದರೋ ಅಸಂಖ್ಯರು. ಮಕ್ಕಳು ಮರಿಗೆ ಸೋಮುವೆಂದು ಹೆಸರಿಟ್ಟರೆ ಹಿರಿಯರು ನಾಚಬೇಕಾದ ಕಾರಣವಿಲ್ಲ. ಹಿತ್ತಿಲ ಬಾಗಿಲಿಗೆ ಬಂದ ಮುದುಕನನ್ನು ಮನೆಯವರು ಹೇಗೆ ಕರೆದರೆಂಬುದನ್ನೇ ಅವರು ವಿಚಾರಿಸಬೇಕು. ಆತಕೂರಿನ ಮಣಲೆರನು ನಾಯಿಯ ಹೆಸರನ್ನು ಅರಸರ ಹೆಸರಿನ ಸಾಲಿನಲ್ಲಿ ಬರೆಯಿಸಲು ಹಿಂದೆಗೆಯಲಿಲ್ಲ. ಅಷ್ಟು ಉದಾರವಾದ ನಾಡಿನಲ್ಲಿ ಮನುಷ್ಯನ ಹೆಸರಿಗೆ ಒಂದು ಅಪ್ಪ, ಒಂದು ಅಯ್ಯ ಸೇರಿಸುವುದು ಭಾರವಾಗಬಾರದು.