ಪಿಕ್ಸೆಲ್ ಗಾತ್ರದ ಭೌತಿಕ ಮಿತಿಗಳು

ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ಬೆಳಕನ್ನು ಹಿಡಿಯುವ ಒಂದೊಂದು ಚೌಕವೂ ಒಂದು ಪಿಕ್ಸೆಲ್. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ನಡುಬಿಂದುಗಳಿಗಿರುವ ಅಂತರವನ್ನೇ ಅದರ ಗಾತ್ರವೆಂದು ಹೇಳುವುದು ರೂಢಿ. 2007ರ ನಿಕಾನ್ ಡಿ3 ಕ್ಯಾಮೆರಾದಲ್ಲಿ ಈ ಅಂತರ ಸುಮಾರು 8.4 ಮೈಕ್ರಾನ್ ಇತ್ತು. 2022ರಲ್ಲಿ ಸ್ಯಾಮ್‌ಸಂಗ್ ಪ್ರಕಟಿಸಿದ ಮೊಬೈಲ್ ಸಂವೇದಕವೊಂದರಲ್ಲಿ ಅದು 0.56 ಮೈಕ್ರಾನಿಗೆ ಇಳಿದಿತ್ತು. ತಲೆಗೂದಲಿನ ಅಡ್ಡಗಲದಲ್ಲಿ ಇಂಥ ನೂರಕ್ಕೂ ಹೆಚ್ಚು ಪಿಕ್ಸೆಲ್ ಹಿಡಿಸುತ್ತವೆ. ಹಸಿರು ಬೆಳಕಿನ ತರಂಗದೂರವೇ 0.55 ಮೈಕ್ರಾನಿನ ಆಸುಪಾಸು. ಪಿಕ್ಸೆಲ್ ಈಗ ತಾನು ಹಿಡಿಯಬೇಕಾದ ಅಲೆಯಷ್ಟೇ ಅಗಲವಾಗಿದೆ.

ಇನ್ನೆಷ್ಟು ಕಿರಿದಾಗಬಹುದು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಮಸೂರದಲ್ಲಿ ಆಗುವ ವಿವರ್ತನೆ ಒಂದು ಕಡೆ ಗೆರೆ ಎಳೆದರೆ, ಫೋಟಾನುಗಳ ಎಣಿಕೆ ಇನ್ನೊಂದು ಕಡೆ, ಸಿಲಿಕಾನ್ ಬೆಳಕನ್ನು ಹೀರುವ ಆಳ ಮತ್ತೊಂದು ಕಡೆ ಎಳೆಯುತ್ತದೆ. ತಯಾರಿಕೆಯ ತೊಡಕುಗಳನ್ನೇ ಮಿತಿಯೆಂದು ಬಗೆದು ನುಡಿದ ಭವಿಷ್ಯ ಹಲವು ಸಲ ಸುಳ್ಳಾಗಿದೆ. ಈ ಗೆರೆಗಳು ಮಾತ್ರ ಇದ್ದಲ್ಲೇ ಇವೆ.

ಹಿನ್ನೆಲೆ

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ, ಮುಂದೆ ಕ್ಯಾಮೆರಾ ಸಂವೇದಕವಾದ ಸಿಸಿಡಿಯನ್ನು ರೂಪಿಸಿದರು. 2009ರ ಭೌತಶಾಸ್ತ್ರ ನೊಬೆಲ್ ಬಹುಮಾನದ ಅರ್ಧ ಪಾಲು ಇವರಿಬ್ಬರಿಗೆ ಸಂದಿತು. 1975ರಲ್ಲಿ ಕೊಡ್ಯಾಕ್‌ನ ಸ್ಟೀವನ್ ಸ್ಯಾಸನ್ ಜೋಡಿಸಿದ ಕ್ಯಾಮೆರಾದಲ್ಲಿ ಇದ್ದದ್ದು ಬರೀ 10,000 ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಜಪಾನಿನ ಎನ್‌ಇಸಿಯಲ್ಲಿ ನೊಬುಕಾಜು ತೆರಾನಿಶಿ 1980ರ ಸುಮಾರಿಗೆ ರೂಪಿಸಿದ, ಬೆಳಕನ್ನು ಎಲೆಕ್ಟ್ರಾನುಗಳಾಗಿಸುವ ‘ಪಿನ್ಡ್ ಫೋಟೋಡಯೋಡ್’ ಮತ್ತು 1990ರ ದಶಕದ ಆರಂಭದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ಬೆಳೆಸಿದ ಸಿಮಾಸ್ ಸಂವೇದಕ, ಇವೆರಡೂ ಬೆಸೆದುಕೊಂಡ ಮೇಲೆಯೇ ಪಿಕ್ಸೆಲ್ ಕುಗ್ಗಿಸುವ ಪೈಪೋಟಿ ಶುರುವಾದದ್ದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಬ್ಬಾಸ್ ಎಲ್ ಗಮಾಲ್, ಬ್ರಯನ್ ವಾಂಡೆಲ್ ಮತ್ತು ಸಂಗಡಿಗರು 2000ರಲ್ಲಿ ಪಿಕ್ಸೆಲ್ ಎಷ್ಟು ಚಿಕ್ಕದಿರಬೇಕು ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಅಂದಿನ 0.35 ಮೈಕ್ರಾನ್ ಗೆರೆಗಳ ತಯಾರಿಕಾ ವಿಧಾನಕ್ಕೆ ಸುಮಾರು 6.5 ಮೈಕ್ರಾನಿನ ಪಿಕ್ಸೆಲ್ ಸೂಕ್ತವೆಂದೂ, ತಯಾರಿಕೆಯ ಗೆರೆಗಳು ಸಪೂರವಾಗುವ ವೇಗದಲ್ಲಿ ಸೂಕ್ತ ಗಾತ್ರ ಕುಗ್ಗದೆಂದೂ ಅವರು ಕಂಡುಕೊಂಡರು. ಸಂಖ್ಯೆ ಬೇಗ ಹಳತಾಯಿತು. ಎರಡನೆಯ ಮಾತು ಮಾತ್ರ ಬಹುಮಟ್ಟಿಗೆ ನಿಜವಾಗಿ ನಿಂತಿದೆ. ಮೊಬೈಲ್ ಸಂವೇದಕಗಳಲ್ಲಿ 2015ರಲ್ಲಿ 1.0 ಮೈಕ್ರಾನ್, 2018ರಲ್ಲಿ 0.8, 2019ರಲ್ಲಿ 0.7, 2021ರಲ್ಲಿ 0.64 ಎಂದು ಹೆಜ್ಜೆಗಳು ಗಿಡ್ಡವಾಗುತ್ತಲೇ ಬಂದವು.

ವಿವರ್ತನೆಯ ಗೆರೆ

ಯಾವ ಮಸೂರವೂ ನಕ್ಷತ್ರದಂಥ ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಬೆಳಕು ದ್ಯುತಿರಂಧ್ರದ ಅಂಚಿನಲ್ಲಿ ಬಾಗಿ, ಸಂವೇದಕದ ಮೇಲೆ ಒಂದು ಪುಟ್ಟ ತಟ್ಟೆಯಾಗಿ ಹರಡುತ್ತದೆ. 1835ರಲ್ಲಿ ಇದನ್ನು ಗಣಿತದಿಂದ ವಿವರಿಸಿದ ಜಾರ್ಜ್ ಬಿಡೆಲ್ ಏರಿಯ ಹೆಸರೇ ಆ ತಟ್ಟೆಗಿದೆ. ಅದರ ವ್ಯಾಸ ತರಂಗದೂರ ಮತ್ತು ಅಪರ್ಚರ್ ಸಂಖ್ಯೆಗಳ ಗುಣಲಬ್ಧದ 2.44 ಪಟ್ಟು (ಮಸೂರದ ಫೋಕಸ್ ದೂರ ದ್ಯುತಿರಂಧ್ರದ ವ್ಯಾಸದ ಎಷ್ಟು ಪಟ್ಟು ಎಂಬುದೇ ಅಪರ್ಚರ್ ಸಂಖ್ಯೆ). ಹಸಿರು ಬೆಳಕಿಗೆ ಎಫ್/1.8ರಲ್ಲಿ 2.4 ಮೈಕ್ರಾನ್, ಎಫ್/8ರಲ್ಲಿ 10.7, ಎಫ್/16ರಲ್ಲಿ 21 ಮೈಕ್ರಾನ್ ದಾಟುತ್ತದೆ. ಸಂಪೂರ್ಣ ದೋಷರಹಿತ ಮಸೂರಕ್ಕೂ ಇದರಿಂದ ಬಿಡುಗಡೆಯಿಲ್ಲ.

0.6 ಮೈಕ್ರಾನ್ ಪಿಕ್ಸೆಲ್‌ಗಳ ಮೇಲೆ ಎಫ್/1.8ರ ಏರಿ ತಟ್ಟೆ ಬಿದ್ದರೆ ಅದು ಸುಮಾರು 13 ಪಿಕ್ಸೆಲ್‌ಗಳನ್ನು ಮುಚ್ಚುತ್ತದೆ. ಇದನ್ನು ನೋಡಿ 13ರಲ್ಲಿ 12 ಪಿಕ್ಸೆಲ್ ದಂಡ ಎಂದು ತೀರ್ಮಾನಿಸುವುದುಂಟು. ಅದು ಸರಿಯಲ್ಲ. ತಟ್ಟೆಯ ನಡುಭಾಗ ಉಜ್ವಲವಾಗಿದ್ದು ಅಂಚಿಗೆ ಹೋದಂತೆ ಮಂಕಾಗುವುದರಿಂದ, ತಟ್ಟೆಯ ವ್ಯಾಸಕ್ಕಿಂತ ಸೂಕ್ಷ್ಮವಾದ ವಿವರವೂ ಅದರಲ್ಲಿ ಅಡಗಿರುತ್ತದೆ. ಮಸೂರ ದಾಟಿಸಬಲ್ಲ ಅತಿ ಸೂಕ್ಷ್ಮ ಗೆರೆಗಳನ್ನೂ ತಪ್ಪದೆ ದಾಖಲಿಸಲು ಪಿಕ್ಸೆಲ್ ಅಂತರ ತರಂಗದೂರ ಮತ್ತು ಅಪರ್ಚರ್ ಸಂಖ್ಯೆಗಳ ಗುಣಲಬ್ಧದ ಅರ್ಧದಷ್ಟಿರಬೇಕು. ಎಫ್/1.8ಕ್ಕೆ ಇದು 0.5 ಮೈಕ್ರಾನ್. ಜೊತೆಗೆ ಕೊಡ್ಯಾಕ್‌ನ ಬ್ರೈಸ್ ಬೇಯರ್ 1970ರ ದಶಕದಲ್ಲಿ ರೂಪಿಸಿದ ಬಣ್ಣದ ಜಾಲರಿಯಲ್ಲಿ ಕೆಂಪು ಮತ್ತು ನೀಲಿಗೆ ನಾಲ್ಕರಲ್ಲಿ ಒಂದೊಂದೇ ಪಿಕ್ಸೆಲ್ ಸಿಗುವುದರಿಂದ, ಆ ಬಣ್ಣಗಳ ಮಟ್ಟಿಗೆ ಇನ್ನೂ ಸಣ್ಣ ಪಿಕ್ಸೆಲ್ಲಿಗೂ ಸ್ವಲ್ಪ ಕೆಲಸ ಇದ್ದೇ ಇರುತ್ತದೆ. ಗಾಳಿಯಲ್ಲಿ ಅಪರ್ಚರ್ ಸಂಖ್ಯೆ ತಾತ್ವಿಕವಾಗಿ 0.5ಕ್ಕಿಂತ ಕೆಳಗಿಳಿಯದು. ಆ ಕೊನೆಯಂಚಿನಲ್ಲಿ ಹಸಿರು ಬೆಳಕಿಗೆ ಬರುವ ಅಳತೆ 0.14 ಮೈಕ್ರಾನ್. ಮಸೂರ ಮೂಡಿಸುವ ಚಿತ್ರದ ಮಟ್ಟಿಗೆ ತಳಮಟ್ಟ ಎನ್ನಬಹುದಾದದ್ದು ಇದೊಂದೇ, ಆದರೆ ಅಂಥ ಕ್ಯಾಮೆರಾ ಮಸೂರ ಕಾಗದದ ಮೇಲಷ್ಟೇ ಸಾಧ್ಯ.

ಫೋಟಾನ್ ಲೆಕ್ಕ

ಬೆಳಕು ಬಿಡಿ ಕಣಗಳಾಗಿ, ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಬಂದು ಬೀಳುತ್ತದೆ. ಸರಾಸರಿ 100 ಫೋಟಾನ್ ಬರುವ ಕಡೆ ಒಮ್ಮೆ 92, ಇನ್ನೊಮ್ಮೆ 107 ಬರುತ್ತವೆ. ಈ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತದೆಂಬುದು ಪ್ವಾಸಾನ್ ನಿಯಮ. ಸಂಕೇತಕ್ಕೂ ಈ ಏರಿಳಿತಕ್ಕೂ, ಅಂದರೆ ನಾಯ್ಸ್‌ಗೂ, ಇರುವ ಅನುಪಾತವೂ ಆ ವರ್ಗಮೂಲವೇ: 10,000 ಫೋಟಾನಿಗೆ 100, 100ಕ್ಕೆ 10, 9ಕ್ಕೆ ಬರೀ 3. ನಾಯ್ಸ್ ಎಂದೊಡನೆ ಎಲೆಕ್ಟ್ರಾನಿಕ್ಸನ್ನು ದೂರುವುದು ಅಭ್ಯಾಸವಾಗಿದ್ದರೂ, ಇಂದಿನ ಚಿತ್ರಗಳಲ್ಲಿ ಕಾಣುವ ನಾಯ್ಸ್‌ನ ಹೆಚ್ಚಿನ ಪಾಲು ಬೆಳಕಿನದೇ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡಬಹುದು. 555 ನ್ಯಾನೊಮೀಟರಿನ ಹಸಿರು ಬೆಳಕು ಒಂದು ಲಕ್ಸ್ ಇದ್ದರೆ, ಪ್ರತಿ ಚದರ ಮೈಕ್ರಾನಿಗೆ ಸೆಕೆಂಡಿಗೆ ಸುಮಾರು 4,100 ಫೋಟಾನ್ ಬೀಳುತ್ತವೆ. ಮಂದ ದೀಪದ ಕೋಣೆಯಲ್ಲಿ 10 ಲಕ್ಸ್ ಬೆಳಕಿದೆ, ನಾವು ತೆಗೆಯುತ್ತಿರುವುದು ಶೇ. 18ರಷ್ಟು ಬೆಳಕನ್ನು ಮರಳಿಸುವ ಬೂದು ಗೋಡೆ, ಅಪರ್ಚರ್ ಎಫ್/1.8, ಅವಧಿ ಸೆಕೆಂಡಿನ ಮೂವತ್ತನೇ ಒಂದು ಭಾಗ ಎಂದಿಟ್ಟುಕೊಳ್ಳೋಣ. ಮಸೂರ ದಾಟಿ ಸಂವೇದಕ ಮುಟ್ಟುವ ಬೆಳಕು 0.14 ಲಕ್ಸಿಗೆ ಇಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಚದರ ಮೈಕ್ರಾನಿಗೆ ಸಿಗುವುದು ಸುಮಾರು 19 ಫೋಟಾನ್. 8.4 ಮೈಕ್ರಾನ್ ಪಿಕ್ಸೆಲ್ಲಿಗೆ 1,300ಕ್ಕೂ ಹೆಚ್ಚು ಸಿಕ್ಕರೆ, 1.4 ಮೈಕ್ರಾನಿನದಕ್ಕೆ 37, 0.6 ಮೈಕ್ರಾನಿನದಕ್ಕೆ 7 ಸಿಗುತ್ತವೆ. ಬಣ್ಣದ ಸೋಸುಗ ಮತ್ತಿತರ ಸೋರಿಕೆಯಲ್ಲಿ ಅರ್ಧ ಕಳೆದರೆ ಕೊನೆಗೆ ಉಳಿಯುವುದು ಮೂರು ಎಲೆಕ್ಟ್ರಾನ್. ಸರಾಸರಿ ಮೂರು ಎಂದಾಗ ಇಪ್ಪತ್ತರಲ್ಲೊಂದು ಪಿಕ್ಸೆಲ್ಲಿಗೆ ಒಂದು ಎಲೆಕ್ಟ್ರಾನೂ ದಕ್ಕುವುದಿಲ್ಲ. ಬೂದು ಗೋಡೆಯ ಮೇಲೆ ಅದು ಅಪ್ಪಟ ಕಪ್ಪು ಚುಕ್ಕೆ. ಸಂವೇದಕ ಎಷ್ಟೇ ಚೆನ್ನಾಗಿರಲಿ, ಬರದ ಫೋಟಾನನ್ನು ಅದು ಎಣಿಸಲಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಪಿಕ್ಸೆಲ್ ಸಣ್ಣದಾದರೆ ಚಿತ್ರ ಕೆಡುತ್ತದೆ ಎಂಬ ಮಾತು ಅರ್ಧ ಸತ್ಯ. ಒಂದೇ ಅಳತೆಗೆ ಮುದ್ರಿಸಿದ ಚಿತ್ರದಲ್ಲಿ ಕಣ್ಣಿಗೆ ಬೀಳುವ ನಾಯ್ಸನ್ನು ನಿರ್ಧರಿಸುವುದು ಸಂವೇದಕದ ಒಟ್ಟು ವಿಸ್ತೀರ್ಣ, ಅದನ್ನು ಎಷ್ಟು ಚೂರು ಮಾಡಲಾಗಿದೆ ಎಂಬುದಲ್ಲ. 0.6 ಮೈಕ್ರಾನಿನ 20 ಕೋಟಿ ಪಿಕ್ಸೆಲ್ ಇರುವ ಮೊಬೈಲ್ ಸಂವೇದಕದ ವಿಸ್ತೀರ್ಣ ಸುಮಾರು 72 ಚದರ ಮಿಲಿಮೀಟರ್, ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನದು 864. ಅಪರ್ಚರ್ ಸಂಖ್ಯೆ ಮತ್ತು ಅವಧಿ ಸಮವಿದ್ದರೆ ಎರಡನೆಯದಕ್ಕೆ 12 ಪಟ್ಟು ಬೆಳಕು ಬೀಳುತ್ತದೆ. ವ್ಯತ್ಯಾಸದ ಮೂಲ ಅಲ್ಲಿದೆ. ಅರ್ಧ ಸತ್ಯದ ಉಳಿದರ್ಧ, ಒಂದೊಂದು ಪಿಕ್ಸೆಲ್ ಓದುವಾಗಲೂ ತಗಲುವ ಓದು-ನಾಯ್ಸ್. ಮೇಲೆ ಹೇಳಿದ ಕೋಣೆಯಲ್ಲೇ 16 ಪಿಕ್ಸೆಲ್‌ಗಳ ಫಲವನ್ನು ಕೂಡಿಸಿದರೆ 48 ಎಲೆಕ್ಟ್ರಾನ್ ಆಯಿತು. ಓದು-ನಾಯ್ಸ್ ತಲಾ 1.5 ಎಲೆಕ್ಟ್ರಾನ್ ಇದ್ದು ಬೇರೆ ಬೇರೆಯಾಗಿ ಓದಿ ಕೂಡಿಸಿದರೆ ಅನುಪಾತ 5.2, ಒಂದೇ ದೊಡ್ಡ ಪಿಕ್ಸೆಲ್ಲಾಗಿ ಒಮ್ಮೆ ಓದಿದರೆ 6.8. ಹಗಲಿನಲ್ಲಿ ಈ ಅಂತರ ಇಲ್ಲವೆನ್ನುವಷ್ಟು ಕಮ್ಮಿ. ಓದು-ನಾಯ್ಸ್ ಇಳಿದಂತೆಲ್ಲ ಕತ್ತಲಲ್ಲೂ ಕಮ್ಮಿಯಾಗುತ್ತ ಹೋಗುತ್ತದೆ.

ಸಿಲಿಕಾನಿನ ಆಳ

ಪಿಕ್ಸೆಲ್ಲಿನ ಉದ್ದಗಲವನ್ನು ಕುಗ್ಗಿಸಬಹುದು, ಆಳವನ್ನು ಕುಗ್ಗಿಸಲಾಗದು. ಹೆಚ್ಚಿನ ಬರಹಗಳು ಈ ಮಿತಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ, ಆದರೆ ವಿನ್ಯಾಸಕಾರರಿಗೆ ಹೆಚ್ಚು ಕಾಟ ಕೊಟ್ಟದ್ದು ಬಹುಶಃ ಇದೇ. 450 ನ್ಯಾನೊಮೀಟರಿನ ನೀಲಿ ಬೆಳಕು ಸಿಲಿಕಾನಿನೊಳಗೆ 0.4 ಮೈಕ್ರಾನ್ ಇಳಿಯುವಷ್ಟರಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಹಸಿರು ಅಷ್ಟೇ ಕರಗಲು 1.5 ಮೈಕ್ರಾನ್, 650 ನ್ಯಾನೊಮೀಟರಿನ ಕೆಂಪು ಕರಗಲು ಸುಮಾರು 3.5 ಮೈಕ್ರಾನ್ ಇಳಿಯಬೇಕು. 3 ಮೈಕ್ರಾನ್ ದಪ್ಪದ ಪದರ ಹಸಿರಿನ ಶೇ. 85ರಷ್ಟನ್ನು ಹಿಡಿದರೆ, ಕೆಂಪಿನ ಶೇ. 57ರಷ್ಟನ್ನು ಮಾತ್ರ ಹಿಡಿಯುತ್ತದೆ. (ಇದೇ ಗುಣವನ್ನು ಸೋಸುಗದ ಬದಲು ಬಳಸಿ, ಮೂರು ಬಣ್ಣಗಳನ್ನು ಮೂರು ಆಳಗಳಲ್ಲಿ ಹಿಡಿದ ಫೋವಿಯಾನ್ ಸಂವೇದಕ 2002ರ ಸಿಗ್ಮಾ ಎಸ್‌ಡಿ9 ಕ್ಯಾಮೆರಾದಲ್ಲಿ ಬಂತು. ಸೊಗಸಾದ ಯೋಚನೆ, ಆದರೆ ಬಣ್ಣಗಳನ್ನು ಬೇರ್ಪಡಿಸುವ ಲೆಕ್ಕದಲ್ಲಿ ನಾಯ್ಸ್ ಹೆಚ್ಚುತ್ತದೆ.)

ಹಾಗಾಗಿ 0.6 ಮೈಕ್ರಾನ್ ಅಗಲದ ಪಿಕ್ಸೆಲ್ ನಿಜಕ್ಕೂ ಚೌಕವಲ್ಲ. ಅಗಲಕ್ಕಿಂತ ಐದಾರು ಪಟ್ಟು ಎತ್ತರದ ಸಪೂರ ಕಂಬ. ಕಂಬದ ಬುಡದಲ್ಲಿ ಹುಟ್ಟಿದ ಎಲೆಕ್ಟ್ರಾನ್ ಪಕ್ಕದ ಕಂಬಕ್ಕೆ ಜಾರುವುದು ಸುಲಭ. ಕೆಂಪಿನ ಎಲೆಕ್ಟ್ರಾನ್ ಹಸಿರಿನ ಮನೆ ಸೇರಿದರೆ ಬಣ್ಣ ಮಾಸುತ್ತದೆ, ಮಾಸಿದ್ದನ್ನು ಲೆಕ್ಕದಿಂದ ತಿದ್ದುವಾಗ ನಾಯ್ಸ್ ಏರುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ, ಕಂಬಗಳ ನಡುವೆ ಆಳವಾದ ಕಂದಕ ಕೊರೆದು ಸಿಲಿಕಾನಲ್ಲದ ವಸ್ತುವನ್ನು ತುಂಬುವುದು. 2013ರಲ್ಲಿ ಸ್ಯಾಮ್‌ಸಂಗ್ ‘ಐಸೊಸೆಲ್’ ಎಂದು ಹೆಸರಿಟ್ಟದ್ದು ಇದಕ್ಕೇ. ಆದರೆ ಕಂದಕಕ್ಕೂ ಜಾಗ ಬೇಕು. ಅದರ ಅಗಲ 0.1 ಮೈಕ್ರಾನ್ ಎಂದು ಹಿಡಿದರೆ, 1.4 ಮೈಕ್ರಾನ್ ಪಿಕ್ಸೆಲ್ಲಿನಲ್ಲಿ ಶೇ. 86ರಷ್ಟು ಸಿಲಿಕಾನ್ ಉಳಿಯುತ್ತದೆ, 0.6ರದರಲ್ಲಿ ಶೇ. 69 ಮಾತ್ರ. ಕೊರೆದ ಗೋಡೆಗಳ ಮೈಯಲ್ಲಿರುವ ಸ್ಫಟಿಕ ದೋಷಗಳಿಂದ ಬೆಳಕಿಲ್ಲದಾಗಲೂ ಎಲೆಕ್ಟ್ರಾನ್ ಜಿನುಗುತ್ತವೆ. ಪಿಕ್ಸೆಲ್ ಕಿರಿದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಗೋಡೆಯೇ ಹೆಚ್ಚು.

ಇದಕ್ಕೂ ಮೊದಲಿನ ಬಿಕ್ಕಟ್ಟು 1.4 ಮೈಕ್ರಾನಿನ ಹೊತ್ತಿನದು. ಆಗಿನ ಸಂವೇದಕಗಳಲ್ಲಿ ಲೋಹದ ತಂತಿಗಳ ಪದರಗಳು ಬೆಳಕು ಬರುವ ಬದಿಯಲ್ಲೇ ಇದ್ದವು. ಕಿರಿದಾದ ಸುರಂಗದ ತಳದಲ್ಲಿ ಫೋಟೋಡಯೋಡ್ ಕೂತಂತಾಗಿ, ಓರೆಯಾಗಿ ಬಂದ ಬೆಳಕು ತಂತಿಗೆ ಬಡಿದು ಹಾಳಾಗುತ್ತಿತ್ತು. ಸಿಲಿಕಾನ್ ಬಿಲ್ಲೆಯನ್ನೇ ಮಗುಚಿ, ಬೆನ್ನನ್ನು ಕೆಲವೇ ಮೈಕ್ರಾನಿಗೆ ತೆಳುವಾಗಿಸಿ, ಆ ಕಡೆಯಿಂದ ಬೆಳಕು ಬಿಡುವ ವಿಧಾನ 2009ರ ಹೊತ್ತಿಗೆ ಸೋನಿ ಮತ್ತು ಓಮ್ನಿವಿಷನ್ ಕಂಪನಿಗಳ ಮೂಲಕ ಮಾರುಕಟ್ಟೆಗೆ ಬಂತು. ದಾಟಲಾಗದೆಂದು ತೋರಿದ್ದ ಆ ತಡೆ ಬರೀ ಜೋಡಣೆಯ ತಡೆಯಾಗಿತ್ತು.

ಒಂದು ಮೈಕ್ರಾನಿಗಿಂತ ಕೆಳಗೆ ಕಿರಣಗಳನ್ನು ನೇರ ಗೆರೆಗಳಂತೆ ಎಳೆದು ಲೆಕ್ಕ ಹಾಕುವ ಪದ್ಧತಿಯೇ ಕೈಕೊಡುತ್ತದೆ. ಪ್ರತಿ ಪಿಕ್ಸೆಲ್ಲಿನ ತಲೆಯ ಮೇಲಿರುವ ಮೈಕ್ರೊಲೆನ್ಸಿನ ಅಗಲ ಒಂದೆರಡು ತರಂಗದೂರ ಮಾತ್ರ. ಅದು ಬೆಳಕನ್ನು ಬಿಂದುವಿಗೆ ತರದೆ, ಹಾದಿಯನ್ನು ಒಂದಿಷ್ಟು ತಿರುಗಿಸುತ್ತದೆ ಅಷ್ಟೆ. ಸಿಲಿಕಾನಿನ ವಕ್ರೀಭವನ ಸೂಚ್ಯಂಕ ಹಸಿರಿಗೆ ಸುಮಾರು 4 ಇರುವುದರಿಂದ ಒಳಹೊಕ್ಕ ಬೆಳಕಿನ ತರಂಗದೂರ 0.14 ಮೈಕ್ರಾನಿಗೆ ಕುಗ್ಗುತ್ತದೆ, ಕಂಬ ಬೆಳಕಿನ ಕೊಳವೆಯಂತೆ ವರ್ತಿಸುತ್ತದೆ. ಸೂಚ್ಯಂಕ 1.6ರ ಆಸುಪಾಸಿನಲ್ಲಿರುವ ಬಣ್ಣದ ಸೋಸುಗದಲ್ಲಿ ಆ ಅನುಕೂಲವಿಲ್ಲ, ಸೋರಿಕೆಯಾಗುವುದು ಹೆಚ್ಚಾಗಿ ಅಲ್ಲೇ.

ವಿದ್ಯುನ್ಮಂಡಲದ ಜಾಗ

ಪಿಕ್ಸೆಲ್ಲಿಗೆ ಸಾಮಾನ್ಯವಾಗಿ ನಾಲ್ಕು ಟ್ರಾನ್ಸಿಸ್ಟರ್ ಬೇಕು, ಅವು ಫೋಟೋಡಯೋಡಿನ ಜಾಗವನ್ನು ಕಸಿಯುತ್ತವೆ. ನಾಲ್ಕು ಪಿಕ್ಸೆಲ್‌ಗಳು ತಲಾ ಒಂದನ್ನು ಉಳಿಸಿಕೊಂಡು ಓದುವ ಟ್ರಾನ್ಸಿಸ್ಟರುಗಳನ್ನು ಹಂಚಿಕೊಂಡರೆ ತಲಾ 1.75ಕ್ಕೆ ಇಳಿಯುತ್ತದೆ. 2021ರ ಡಿಸೆಂಬರಿನಲ್ಲಿ ಸೋನಿ ಫೋಟೋಡಯೋಡುಗಳನ್ನು ಒಂದು ಪದರದಲ್ಲೂ ಟ್ರಾನ್ಸಿಸ್ಟರುಗಳನ್ನು ಅದರ ಕೆಳಗಿನ ಪದರದಲ್ಲೂ ಇಟ್ಟು, ಪಿಕ್ಸೆಲ್ ತುಂಬಿಕೊಳ್ಳಬಲ್ಲ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಸುಮಾರು ಇಮ್ಮಡಿಸಿದ್ದಾಗಿ ಪ್ರಕಟಿಸಿತು.

ಗುಂಪು ಪಿಕ್ಸೆಲ್

2018ರ ಸೋನಿ ಐಎಂಎಕ್ಸ್586 ಸಂವೇದಕದ ಹೊತ್ತಿನಿಂದ ಮೊಬೈಲ್ ಸಂವೇದಕಗಳಲ್ಲಿ ಒಂದೇ ಬಣ್ಣದ ನಾಲ್ಕು, ಒಂಬತ್ತು ಅಥವಾ ಹದಿನಾರು ಪಿಕ್ಸೆಲ್‌ಗಳನ್ನು ಗುಂಪಾಗಿಸುವುದು ರೂಢಿಗೆ ಬಂದಿದೆ. 20 ಕೋಟಿ ಪಿಕ್ಸೆಲ್ಲಿನ ಸಂವೇದಕ ಮಂದ ಬೆಳಕಿನಲ್ಲಿ 1.25 ಕೋಟಿಯ ಚಿತ್ರ ಕೊಡುವುದು ಹೀಗೆ. ಜಾಹೀರಾತಿನ ಸಂಖ್ಯೆಗೂ ಕೈಗೆ ಬರುವ ಚಿತ್ರಕ್ಕೂ ಇರುವ ಅಂತರ ಇದರಿಂದ ಬಂದದ್ದು. ಹಾಗೆಂದು ಇದನ್ನು ಬರೀ ಮಾರಾಟದ ತಂತ್ರವೆನ್ನುವುದೂ ಸರಿಯಾಗದು. ಬಿಸಿಲಿನಲ್ಲಿ ಬಿಡಿ ಪಿಕ್ಸೆಲ್‌ಗಳಿಂದ ನಿಜವಾದ ವಿವರ ಸಿಗುತ್ತದೆ, ಫೋಕಸ್ ಹುಡುಕಲೂ ಗುಂಪು ನೆರವಾಗುತ್ತದೆ. 2013ರಲ್ಲಿ ಎಚ್‌ಟಿಸಿ ಇದಕ್ಕೆ ತದ್ವಿರುದ್ಧವಾಗಿ 2 ಮೈಕ್ರಾನಿನ ಬರೀ 40 ಲಕ್ಷ ಪಿಕ್ಸೆಲ್ ಇಟ್ಟು ಫೋನು ತಂದಿತ್ತು. ಆ ದಾರಿ ಮುಂದುವರಿಯಲಿಲ್ಲ.

ದೂರದರ್ಶಕಗಳಲ್ಲಿ

ಖಗೋಳ ಕ್ಯಾಮೆರಾಗಳಿಗೆ ಕಿರಿದಾಗುವ ಹಂಬಲವಿಲ್ಲ. ಲಡಾಖಿನ ಹಾನ್ಲೆಯಲ್ಲಿದ್ದು, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರು ಹೊಸಕೋಟೆಯ ಕೇಂದ್ರದಿಂದ ದೂರನಿಯಂತ್ರಣದಲ್ಲಿ ನಡೆಸುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದ ಮುಖ್ಯ ಉಪಕರಣದಲ್ಲಿ 15 ಮೈಕ್ರಾನ್ ಪಿಕ್ಸೆಲ್‌ಗಳ ಸಿಸಿಡಿ ಬಳಕೆಯಾಗಿದೆ. ಒಂದೊಂದು ಪಿಕ್ಸೆಲ್ ಆಕಾಶದ ಸುಮಾರು 0.3 ಆರ್ಕ್‌ಸೆಕೆಂಡ್ ಕೋನವನ್ನು ನೋಡುತ್ತದೆ. ಎರಡು ಮೀಟರಿನ ಕನ್ನಡಿಯ ವಿವರ್ತನೆಯ ಮಿತಿ 0.07 ಆರ್ಕ್‌ಸೆಕೆಂಡ್. ಆದರೆ ವಾತಾವರಣದ ಕದಲಿಕೆ ನಕ್ಷತ್ರವನ್ನು ಒಂದು ಆರ್ಕ್‌ಸೆಕೆಂಡಿನ ಆಸುಪಾಸಿಗೆ ಹರಡುವುದರಿಂದ ಇದಕ್ಕಿಂತ ಸಣ್ಣಗೆ ಕತ್ತರಿಸಿ ಲಾಭವಿಲ್ಲ.

ಎಣಿಸುವ ಸಂವೇದಕಗಳು

ಪಿಕ್ಸೆಲ್ ಎಂದರೆ ಎಲೆಕ್ಟ್ರಾನ್ ತುಂಬಿಡುವ ಜಾಗ ಎಂಬ ಕಲ್ಪನೆಯನ್ನೇ ಬಿಡುವ ಸಲಹೆಯನ್ನು ಫಾಸಮ್ 2005ರಲ್ಲಿ ಮುಂದಿಟ್ಟರು. ಒಂದು ಮೈಕ್ರಾನಿಗಿಂತ ಚಿಕ್ಕದಾದ ಕೋಟ್ಯಂತರ ಕೋಶಗಳು ಫೋಟಾನ್ ಬಂತೋ ಇಲ್ಲವೋ ಎಂದಷ್ಟೇ ಹೇಳುತ್ತವೆ, ಚಿತ್ರವನ್ನು ಆಮೇಲೆ ಲೆಕ್ಕದಿಂದ ಕಟ್ಟಲಾಗುತ್ತದೆ. ಒಂದು ಎಲೆಕ್ಟ್ರಾನನ್ನು ಗುರುತಿಸಲು ಅದು ಸೇರುವ ಜಾಗದ ವಿದ್ಯುತ್ ಧಾರಣೆ (ಕೆಪಾಸಿಟೆನ್ಸ್) ತೀರ ಕಡಿಮೆಯಿರಬೇಕು. ಒಂದು ಫೆಮ್ಟೊಫ್ಯಾರಡ್‌ನಲ್ಲಿ ಒಂದು ಎಲೆಕ್ಟ್ರಾನ್ ಎಬ್ಬಿಸುವುದು 160 ಮೈಕ್ರೊವೋಲ್ಟ್, ಧಾರಣೆ ಇಳಿದಷ್ಟೂ ಅದು ಏರುತ್ತದೆ. ಡಾರ್ಟ್‌ಮತ್ ಕಾಲೇಜಿನ ಅವರ ತಂಡ 2017ರ ಹೊತ್ತಿಗೆ ಓದು-ನಾಯ್ಸನ್ನು 0.2 ಎಲೆಕ್ಟ್ರಾನಿನ ಆಸುಪಾಸಿಗೆ ಇಳಿಸಿ, ಕೋಣೆಯ ಉಷ್ಣತೆಯಲ್ಲೇ ಬಿಡಿ ಫೋಟಾನುಗಳನ್ನು ಎಣಿಸಿ ತೋರಿಸಿತು. ಓದು-ನಾಯ್ಸ್ ಅಷ್ಟು ಇಳಿದಲ್ಲಿ ಪಿಕ್ಸೆಲ್ ಕತ್ತರಿಸಿದ್ದಕ್ಕೆ ಬೀಳುವ ದಂಡ ಬಹುಮಟ್ಟಿಗೆ ಇಲ್ಲವಾಗುತ್ತದೆ. ವಿವರ್ತನೆಯ ತಟ್ಟೆ, ಸಿಲಿಕಾನಿನ ಆಳ ಮತ್ತು ಮಂದ ದೀಪದ ಕೋಣೆಯ ಆ 19 ಫೋಟಾನ್ ಅಲ್ಲೂ ಹಾಗೆಯೇ ಇರುತ್ತವೆ.