ಘಟ್ಟ ಹತ್ತಿದವರಿಗೆ ದಕ್ಕದ ಅಕ್ಷರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂದ ಕೂಡಲೆ ಅಡಿಕೆ ತೋಟ ನೆನಪಾಗುತ್ತದೆ, ಸೋಂದೆಯ ಮಠಗಳು ನೆನಪಾಗುತ್ತವೆ. ತೋಟದಲ್ಲಿ ದುಡಿದ ಸಿದ್ದಿ ನೆನಪಾಗುವುದು ಕೊನೆಗೆ, ಅದೂ ಆದರೆ. ಕ್ಯಾಥೊಲಿಕ್ ಧರ್ಮಕ್ಕೂ ವಿಜ್ಞಾನಕ್ಕೂ ಏನು ಸಂಬಂಧ ಎಂಬ ಚರ್ಚೆಯನ್ನು ನಮ್ಮ ಬುದ್ಧಿಜೀವಿಗಳು ರೋಮಿನಿಂದ ಶುರು ಮಾಡುತ್ತಾರೆ. 1633ರಲ್ಲಿ ಗೆಲಿಲಿಯೊಗೆ ಶಿಕ್ಷೆಯಾಯಿತು, 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅದು ತಪ್ಪಾಗಿತ್ತು ಅಂದರು. ಕತೆ ಮುಗಿಯಿತು! ಗೆಳೆಯರೆ, ನಾವು ಯಲ್ಲಾಪುರದ ಕಾಡಿನಿಂದ ಶುರು ಮಾಡೋಣ.

ಈ ಕಾಡಿನ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ಯಾಥೊಲಿಕರೂ ಇದ್ದಾರೆ. ಇವರ ಪೂರ್ವಿಕರು ಆಫ್ರಿಕಾದವರು. ಕ್ರೈಸ್ತರಲ್ಲದವರನ್ನು ಗೆದ್ದು ಶಾಶ್ವತ ಗುಲಾಮರನ್ನಾಗಿ ಮಾಡಬಹುದು ಅಂತ 1452ರಲ್ಲಿ ಪೋಪ್ ಐದನೆಯ ನಿಕೊಲಸ್ ಪೋರ್ಚುಗಲ್ಲಿನ ದೊರೆಗೆ ಅಪ್ಪಣೆ ಕೊಟ್ಟಿದ್ದ. ಪೋರ್ಚುಗೀಸರ ಹಡಗುಗಳು ಜನರನ್ನು ಗೋವೆಗೆ ತಂದು ಮಾರಿದವು. ಅಲ್ಲಿಂದ ತಪ್ಪಿಸಿಕೊಂಡ ಎಷ್ಟೋ ಮಂದಿ ಘಟ್ಟ ಹತ್ತಿ ಈ ಕಾಡು ಸೇರಿದರು.

ಅದೇ ಗೋವೆಗೆ 1556ರಲ್ಲಿ ಜೆಸ್ವಿಟ್ ಪಾದ್ರಿಗಳ ಜೊತೆ ಒಂದು ಅಚ್ಚುಯಂತ್ರ ಬಂತು. ಹಿಂದೂಸ್ತಾನದ ಮೊದಲ ಅಚ್ಚುಯಂತ್ರ. ಅದು ನಿಜಕ್ಕೂ ಹೊರಟದ್ದು ಆಫ್ರಿಕಾದ ಅಬಿಸೀನಿಯಾಕ್ಕೆ, ನಿಂತದ್ದು ಗೋವೆಯಲ್ಲಿ. ಆಫ್ರಿಕಾಕ್ಕೆ ಹೋಗಬೇಕಾದ ಅಕ್ಷರ ಹೋಗಲಿಲ್ಲ, ಆಫ್ರಿಕಾದ ಮನುಷ್ಯರು ಮಾತ್ರ ಸರಪಳಿಯಲ್ಲಿ ಬಂದರು.

ಗೋವೆಯಲ್ಲಿ 1563ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ನಮ್ಮ ದೇಶದ ಗಿಡಮೂಲಿಕೆಗಳ ಮೇಲೆ ಬರೆದ ದೊಡ್ಡ ಗ್ರಂಥ ಅಚ್ಚಾಯಿತು. ಹಳೆಯ ಗ್ರೀಕ್ ಪಂಡಿತರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬದೆ, ಕಂಡದ್ದನ್ನು ಬರೆದ ಮನುಷ್ಯ. ಅದರಲ್ಲಿ ನಮ್ಮ ಅಡಿಕೆಯ ಮೇಲೂ ಒಂದು ಅಧ್ಯಾಯವಿದೆ. ಇಡೀ ಪುಸ್ತಕ ಇಬ್ಬರು ಗಂಡಸರ ಸಂಭಾಷಣೆ. ನಡುನಡುವೆ ಅಂತೋನಿಯಾ ಎಂಬ ಆಳುಹೆಣ್ಣು ಬರುತ್ತಾಳೆ. ಕರೆದರೆ ಬರ್‍ತಾಳೆ, ಹೇಳಿದ್ದು ತಂದುಕೊಡ್ತಾಳೆ. ವಿಜ್ಞಾನದ ಪುಸ್ತಕದಲ್ಲಿ ಆಕೆಗೆ ಸಿಕ್ಕ ಜಾಗ ಅಷ್ಟೆ.

ಓರ್ತಾನ ಗತಿಯಾದರೂ ಏನಾಯಿತು? ಅವನು ಕ್ರೈಸ್ತರಾದ ಯಹೂದಿಗಳ ಮನೆತನದವನು. 1560ರಲ್ಲೇ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟು ಕೂತಿತ್ತು. ಅವನು 1568ರಲ್ಲಿ ಸತ್ತ. ಮರುವರ್ಷ ಅವನ ತಂಗಿ ಕತರೀನಾಳನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೇ ಗೋರಿಯಿಂದ ಅಗೆದು ತೆಗೆದು ಸುಟ್ಟರು. ಪುಸ್ತಕ ಬರೆದದ್ದಕ್ಕಲ್ಲ, ಗುಟ್ಟಾಗಿ ಯಹೂದಿಯಾಗಿದ್ದ ಅಂತ. ನಡುವೆ ನಾಲ್ಕು ವರ್ಷ ಬಿಟ್ಟರೆ ಆ ಕೋರ್ಟು 1812ರವರೆಗೂ ನಡೆಯಿತು.

ಹಾಗಂತ ಇಗರ್ಜಿ ಅರಿವಿಗೆ ಹೆದರಿತು ಅನ್ನುವುದು ಅರ್ಧ ಮಾತು. ಇವತ್ತು ನಮ್ಮ ಗೋಡೆಯ ಮೇಲೆ ತೂಗುವ ಕ್ಯಾಲೆಂಡರು 1582ರಲ್ಲಿ ಪೋಪ್ ಜಾರಿಗೆ ತಂದದ್ದು. ಅದರ ಲೆಕ್ಕ ಹಾಕಿದವರಲ್ಲಿ ಕ್ಲಾವಿಯಸ್ ಎಂಬ ಜೆಸ್ವಿಟ್ ಪಾದ್ರಿಯೂ ಒಬ್ಬ. ಅರಿವು ಯಾರ ಕೈಗೆ ಹೋಗಬೇಕು ಎಂಬ ಇನ್ನೊಂದು ಲೆಕ್ಕವನ್ನೂ ಇಗರ್ಜಿ ಹಾಕಿತು. ಗೋವೆಯಲ್ಲಿ ಮತಾಂತರವಾದ ಬ್ರಾಹ್ಮಣ ಅಲ್ಲೂ ‘ಬಾಮಣ’ನಾಗಿಯೇ ಉಳಿದ, ಪಾದ್ರಿಯ ನಿಲುವಂಗಿ ಹೆಚ್ಚಾಗಿ ಮೇಲ್ಜಾತಿಯ ಮನೆಗಳಿಗೇ ಹೋಯಿತು. ಗುಲಾಮನಿಗೆ ಸಿಕ್ಕಿದ್ದು ತಲೆಯ ಮೇಲೆ ಒಂದಿಷ್ಟು ನೀರು, ಒಂದು ಹೊಸ ಹೆಸರು.

ಘಟ್ಟ ಹತ್ತಿದ ಮೇಲೆ? ಇಲ್ಲಿ ಸೋಂದೆಯಲ್ಲಿ ಮಾಧ್ವ, ಸ್ಮಾರ್ತ, ಜೈನ ಮಠಗಳು ಮೂರೂ ಇದ್ದವು. ವೇದಾಂತ, ವ್ಯಾಕರಣ, ತರ್ಕ, ಏನುಂಟು ಏನಿಲ್ಲ! ಸಿದ್ದಿಗೆ ಮಾತ್ರ ಒಡೆಯರ ತೋಟ, ತೀರದ ಸಾಲ, ಜೀತ. ಪಾದ್ರಿಯನ್ನು ಬೈಯುವ ನಾವು ಜಗುಲಿಯ ಮೇಲೆ ಕೂತವರನ್ನು ಬಿಟ್ಟರೆ ಅದು ಇನ್ನೊಂದು ಮೋಸವಾದೀತು.

ಮಂಗಳೂರಿನಲ್ಲಿ ಜೆಸ್ವಿಟರು ಕಾಲೇಜು ತೆರೆದದ್ದು 1880ರಲ್ಲಿ. ಅದೇ ಸಂಘದ ಪಾದ್ರಿಗಳು ಮುಂಡಗೋಡಕ್ಕೆ ಬಂದು ಸಿದ್ದಿಗಳ ನಡುವೆ ಕೆಲಸಕ್ಕೆ ನಿಂತದ್ದು ಎಷ್ಟೋ ದಶಕಗಳ ನಂತರ. ಬಂದರು, ಮಕ್ಕಳಿಗೆ ಓದು ಕಲಿಸಿದರು. ಇಲ್ಲ ಅನ್ನುವುದು ಅನ್ಯಾಯ. ತಡ ಆದದ್ದೂ ಸುಳ್ಳಲ್ಲ. ರೋಮಿನ ನಿಷಿದ್ಧ ಪುಸ್ತಕಗಳ ಪಟ್ಟಿ 1966ರಲ್ಲಿ ರದ್ದಾಯಿತು. ಜೀತಕ್ಕೆ ಕಾನೂನಿನಲ್ಲಿ ಕೊನೆ ಬಂದದ್ದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

ಇನ್ನು ಮುಕ್ತ ಮನಸ್ಸಿನ ಮಾತು. ಮೂರೂ ಧರ್ಮದ ಸಿದ್ದಿಗಳ ಮನೆಗಳಲ್ಲಿ ಹಿರಿಯರ ಪೂಜೆ ನಡೆಯುತ್ತದೆ. ಶಿಲುಬೆಯ ಮನೆಗೂ ದೀಪದ ಮನೆಗೂ ನಮಾಜಿನ ಮನೆಗೂ ಹೆಣ್ಣು ಕೊಟ್ಟು ತಂದದ್ದುಂಟು. ದಮಾಮಿ ಬಾರಿಸಿದರೆ ಎಲ್ಲರೂ ಕುಣಿಯುತ್ತಾರೆ. ಇದನ್ನು ಅವರಿಗೆ ಗೋವೆಯ ಕಾಲೇಜು ಹೇಳಿಕೊಡಲಿಲ್ಲ, ಸೋಂದೆಯ ಮಠವೂ ಹೇಳಿಕೊಡಲಿಲ್ಲ.