ಕೇಳಿ ಕೇಳಿ ಬೇರೂರಿದ ಓದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಗ್ರಂಥ ಓದುವುದೆಂದರೆ ಹಿಂದೆ ಒಬ್ಬಂಟಿಯ ಕೆಲಸವಾಗಿರಲಿಲ್ಲ. ಸುಗ್ಗಿ ಮುಗಿದ ರಾತ್ರಿಗಳಲ್ಲಿ ಒಬ್ಬರು ಜೈಮಿನಿ ಭಾರತ ವಾಚಿಸಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು. 1901ರ ಹೊತ್ತಿಗೂ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಇಂಥ ನಾಡಿನಲ್ಲಿ, ದಿನವೂ ಬೈಬಲ್ ತೆರೆಯಬೇಕೆಂಬ ಕ್ರೈಸ್ತರ ಅಭ್ಯಾಸ ಬೇರೂರಿದ್ದು ಹೇಗೆ?

ಮೊದಲು ಬೇಕಾದದ್ದು ಪುಸ್ತಕ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾದದ್ದು 1831ರಲ್ಲಿ. ಪ್ರಾಟೆಸ್ಟೆಂಟರ ಮನೆಗಳಲ್ಲಿ ಅದು ‘ಸತ್ಯವೇದ’ ಎಂದೇ ಹೆಸರಾಯಿತು.

ಪುಸ್ತಕ ಬಂದ ಮಾತ್ರಕ್ಕೆ ಅಭ್ಯಾಸ ಬರುವುದಿಲ್ಲ. ಪ್ರಾಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ದಿನಕ್ಕೆ ಮೂರು, ಭಾನುವಾರ ಐದು ಅಧ್ಯಾಯದಂತೆ ಓದಿದರೆ ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಲೆಕ್ಕ ಸುಲಭ, ನಡೆಸುವುದು ಕಷ್ಟ. ಉತ್ಸಾಹದಿಂದ ಹಿಡಿದ ಎಷ್ಟೋ ಓದುಗಳು ವಂಶಾವಳಿಗಳೂ ಬಲಿವಿಧಿಗಳೂ ತುಂಬಿದ ಅಧ್ಯಾಯಗಳಲ್ಲಿ ನಿಂತುಹೋಗುತ್ತವೆ.

ಇದಕ್ಕೊಂದು ಉಪಾಯ ವೆಸ್ಲಿಯನ್ ಮಿಷನ್ನಿನ ಬಳಿ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪುಗಳಾದರು. ಪ್ರತಿ ಗುಂಪಿಗೂ ಒಬ್ಬ ಮುಖಂಡ. ವಾರಕ್ಕೊಮ್ಮೆ ತಲೆಗೊಂದು ಪೆನ್ನಿ ಎತ್ತುವುದು ಅವನ ಕೆಲಸ. ಹಣ ಕೇಳಲು ಹೋದವನು ಮನೆಯವರ ಯೋಗಕ್ಷೇಮವನ್ನೂ ನಡತೆಯನ್ನೂ ವಿಚಾರಿಸತೊಡಗಿದ. ಚಂದಾ ವಸೂಲಿಯ ಏರ್ಪಾಡು ಹೀಗೆ ಪರಸ್ಪರ ಎಚ್ಚರಿಸುವ ಕೂಟವಾಯಿತು. ಒಬ್ಬ ತಪ್ಪಿಸಿಕೊಂಡರೆ ಉಳಿದ ಹನ್ನೊಂದು ಮಂದಿಗೆ ತಿಳಿಯುತ್ತಿತ್ತು.

ಈ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿತು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮುಂದೆ 1876-78ರ ಬರ ಬಂತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ತಂದೆತಾಯಿ ಕಳೆದುಕೊಂಡ ಗಂಡುಮಕ್ಕಳಿಗಾಗಿ ಮಿಷನ್ ತುಮಕೂರಿನಲ್ಲಿ ಅನಾಥಾಲಯ ನಡೆಸಿತು. ಮನೆಯೇ ಇಲ್ಲದ ಆ ಮಕ್ಕಳಿಗೆ ಊಟ, ಪಾಠ, ಕೈಕಸುಬುಗಳ ಜೊತೆಗೆ ಪ್ರಾರ್ಥನೆಯೂ ಬೈಬಲ್ ಓದೂ ದಿನಚರಿಯ ಭಾಗವಾದವು. ಹಸಿವು ಒಡ್ಡಿದ ಅನಿವಾರ್ಯದಲ್ಲಿ ಕಲಿತ ಆ ಓದು ಎಷ್ಟರಮಟ್ಟಿಗೆ ಅವರದೇ ಆಯ್ಕೆ ಎಂಬ ಪ್ರಶ್ನೆಯನ್ನು ಇತಿಹಾಸ ಕೇಳಲೇಬೇಕು.

ಅಕ್ಷರ ಬಾರದ ಹೆಂಗಸರ ಬಳಿಗೆ ಓದಿ ಹೇಳುವ ಹೆಂಗಸರೇ ಹೋಗುತ್ತಿದ್ದರು. ಮಿಷನ್ ವಲಯದಲ್ಲಿ ಅವರನ್ನು ‘ಬೈಬಲ್ ವುಮನ್’ ಎನ್ನುತ್ತಿದ್ದರು. ಪಾವಗಡದಂಥ ಗಡಿ ತಾಲ್ಲೂಕಿನಲ್ಲಿ ಅನೇಕರ ಮನೆಮಾತು ತೆಲುಗು, ಶಾಲೆಯ ಓದು ಕನ್ನಡ. ಇಂಥ ಕಡೆ ಗಟ್ಟಿಯಾಗಿ ಓದಿ, ಮನೆಮಾತಿನಲ್ಲಿ ಬಿಡಿಸಿ ಹೇಳುವ ಪದ್ಧತಿಯೇ ಹೆಚ್ಚು ಒಗ್ಗುವಂಥದು. ಪುರಾಣ ವಾಚನಕ್ಕೂ ಇದಕ್ಕೂ ಗ್ರಂಥ ಬೇರೆ, ರೀತಿ ಒಂದೇ.

ಮೂರನೆಯ ಆಸರೆ ಪಂಚಾಂಗ. ‘ಸ್ಕ್ರಿಪ್ಚರ್ ಯೂನಿಯನ್’ 1879ರಲ್ಲಿ ಯಾವ ದಿನ ಯಾವ ಭಾಗ ಓದಬೇಕೆಂದು ತಿಳಿಸುವ ಪುಟ್ಟ ಕಾರ್ಡನ್ನು ಇಂಗ್ಲೆಂಡಿನಲ್ಲಿ ಹೊರತಂದಿತು. ವೆಸ್ಲಿಯನ್ ಸಭೆಗಳು 1947ರಲ್ಲಿ ಸೇರಿಕೊಂಡ ದಕ್ಷಿಣ ಭಾರತ ಸಭೆ ವಾಚನಗಳನ್ನು ಸೂಚಿಸುವ ಪಂಚಾಂಗ ಪ್ರಕಟಿಸುತ್ತದೆ. ಕೆಥೊಲಿಕರಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಿಂದ, ಭಾನುವಾರದ ಪಠಣಗಳಿಗೆ ಮೂರು ವರ್ಷಗಳ ಸುತ್ತು ಬಂದಿದೆ. ‘ಇಂದು ಏನು ಓದಲಿ’ ಎಂಬ ಗೊಂದಲವೇ ಇಲ್ಲದಿದ್ದರೆ ಅರ್ಧ ಆಲಸ್ಯ ಕಳೆದಂತೆ.

ಕೂಟ, ಕಿವಿ, ಪಂಚಾಂಗ — ಅಭ್ಯಾಸವನ್ನು ಹೊತ್ತು ನಡೆಸಿದ್ದು ಈ ಮೂರು. ಇಂದು ಅಕ್ಷರಕ್ಕೆ ಬರವಿಲ್ಲ. ಇಡೀ ಸತ್ಯವೇದ ಅಂಗೈಯ ಫೋನಿನಲ್ಲಿದೆ, ದಿನದ ಭಾಗವನ್ನು ಅದೇ ನೆನಪಿಸುತ್ತದೆ, ಬೇಕಾದರೆ ಓದಿಯೂ ಹೇಳುತ್ತದೆ. ಹಳೆಯ ಮೂರು ಆಸರೆಗಳಲ್ಲಿ ಅದು ಕೊಡಲಾರದ್ದು ಒಂದೇ: ನಿನ್ನೆ ಓದಿಗೆ ಯಾಕೆ ಬರಲಿಲ್ಲವೆಂದು ಬಾಗಿಲಿಗೆ ಬಂದು ಕೇಳುವ ನೆರೆಯವರು.